ನೀರು ಹಾಕದ ಎರಡು ತಿಂಗಳು

"ಏಳನೇ ಕ್ಲಾಸು ದಾಟದ ತಲೆ ಇದು. ಹೂವಿನ ಗೆಡ್ಡೆ ಯಾವುದು, ಈರುಳ್ಳಿ ಯಾವುದು ಅಂತ ಇದಕ್ಕೆ ಹೇಗೆ ಗೊತ್ತಾಗಬೇಕು?" ಕಮಲಾಕ್ಷಮ್ಮ ಟೀಚರ್ ಹೊಸ್ತಿಲಲ್ಲಿ ನಿಂತು ಕೇಳಿದರು. ಕೇಳಿದ್ದು ಪಾಲಾಕ್ಷನನ್ನಲ್ಲ, ಬೀದಿಯನ್ನು. ಎದುರಿಗೆ ಯರ್ರಪ್ಪನ ಟೀ ಅಂಗಡಿಯಲ್ಲಿ ಲೋಟ ಹಿಡಿದಿದ್ದ ಆರೇಳು ಜನ ತಿರುಗಿ ನೋಡಿದರು.

ಟೀಚರ ಕೈಯಲ್ಲೊಂದು ಕುಂಡ, ಕಾಲ ಬಳಿ ಇನ್ನೊಂದು. ಎರಡರಲ್ಲೂ ಹಸಿರು ಅನ್ನುವುದೇ ಇಲ್ಲ. ಒಣಮಣ್ಣಿನಿಂದ ಬರೀ ಗೆಡ್ಡೆಯ ಹೆಗಲು ಕಾಣುತ್ತಿತ್ತು. ನಡುಮನೆಯ ಕಿಟಕಿಯಲ್ಲಿ ನಾಲ್ಕು ವರ್ಷ ಸಾಕಿದ ಅಮರಿಲ್ಲಿಸ್ ಹೂವಿನ ಗಿಡ ಅದು. ದಿನಾ ನೀರು, ಎಲೆ ಒರೆಸುವುದಕ್ಕೆ ಬೇರೆ ಬಟ್ಟೆ. ಇಷ್ಟಾದರೂ ಒಂದು ಮೊಗ್ಗು ಕಂಡವರಿಲ್ಲ. ಮಗಳ ಬಾಣಂತನಕ್ಕೆ ಎರಡು ತಿಂಗಳು ದಾವಣಗೆರೆಗೆ ಹೋಗುವಾಗ ಟೀಚರ್ ಬೀಗದಕೈಯನ್ನು ಮನೆಗೆಲಸದ ಪಾಪಕ್ಕನಿಗೆ ಕೊಟ್ಟು, ಕುಂಡಕ್ಕೆ ನೀರು ಮರೀಬೇಡ ಎಂದಿದ್ದರು. ಪಾಪಕ್ಕನಿಗೆ ಮಂಡಿನೋವು, ಮಗ ಪಾಲಾಕ್ಷನನ್ನು ಕಳಿಸಿದ್ದಳು. ಅವನು ಮೊದಲ ದಿನವೇ ಗೆಡ್ಡೆಯ ಕುತ್ತಿಗೆವರೆಗೆ ಹೂತಿದ್ದ ಮಣ್ಣನ್ನು ಕೆರೆದು ತೆಗೆದು, ಕುಂಡಗಳನ್ನು ಮಂಚದಡಿಯ ಕತ್ತಲಿಗೆ ತಳ್ಳಿದವನು ಆಮೇಲೆ ಒಂದು ಹನಿ ನೀರು ಹಾಕಿರಲಿಲ್ಲ.

"ಸತ್ತಿಲ್ಲ ಅದು, ಮಲಗೈತೆ," ಪಾಲಾಕ್ಷ ಹಲ್ಲು ಕಚ್ಚಿ ಹೇಳಿದ.

"ಕೇಳಿದಿರಾ? ಮಲಗಿದೆಯಂತೆ. ಕ್ಲಾಸಲ್ಲಿ ಇವನೂ ಹೀಗೇ ಮಲಗ್ತಿದ್ದ."

ಟೀ ಅಂಗಡಿ ಪೂರ್ತಿ ನಕ್ಕಿತು. ಒಳಗೆ ಪಾತ್ರೆ ತಿಕ್ಕುತ್ತಿದ್ದ ಪಾಪಕ್ಕ ನೊರೆಗೈಯಲ್ಲೇ ಹೊರಗೆ ಬಂದಳು. "ತಪ್ಪು ಮಾಡಿದ್ರೆ ಅವನಿಗೆ ಹೇಳ್ರಿ ಟೀಚರ್, ಬೀದಿಗ್ಯಾಕೆ ಹೇಳ್ತೀರಿ?" ಎಂದವಳೇ ಸೆರಗಿಗೆ ಕೈ ಒರೆಸಿ ಬೀಗದಕೈಯನ್ನು ಹೊಸ್ತಿಲ ಮೇಲಿಟ್ಟು ನಡೆದುಬಿಟ್ಟಳು. ಹದಿನಾಲ್ಕು ವರ್ಷ ದುಡಿದ ಮನೆ. ಪಾಲಾಕ್ಷ ಎರಡೂ ಕುಂಡ ಎತ್ತಿಕೊಂಡು ಹಿಂದೆ ಹೊರಟ. "ತಗೊಂಡು ಹೋಗು, ಸಾರಿಗೆ ಹಾಕ್ಕೋ" ಎಂಬ ಟೀಚರ ಮಾತು ಬೀದಿಯ ಕೊನೆವರೆಗೂ ಬೆನ್ನಿಗೆ ಬಂತು.

ಮನೆ ಮುಟ್ಟಿದ ಮೇಲೆ, ಟೀಚರ ಮಾತಿಗಿಂತ ಅವ್ವನ ಮಾತು ಹೆಚ್ಚು ಚುಚ್ಚಿತು. "ನಾನು ಅಲ್ಲಿಗೆ ಬರೀ ಕೆಲ್ಸಕ್ಕೆ ಹೋಗ್ತಿದ್ನೇನ್ಲಾ? ಮಧ್ಯಾಹ್ನ ಇಬ್ರೂ ಕುಂತು ಎಲೆಅಡಿಕೆ ಹಾಕ್ಕೊಂಡು ಸುಖದುಃಖ ಮಾತಾಡ್ತಿದ್ವಿ. ನಿನ್ನ ಗೆಡ್ಡೆ ಅದನ್ನ ನುಂಗಿಬಿಡ್ತು."

"ಹೂವು ಬಂದ್ರೆ?"

"ಬರ್ದಿದ್ರೆ?"

ಇದ್ದದ್ದೊಂದೇ ಕೋಣೆ, ಒಂದೇ ಕಿಟಕಿ. ಪಾಲಾಕ್ಷ ಅಲ್ಲಿದ್ದ ಕನ್ನಡಿ, ಎಣ್ಣೆ ಬಾಟಲಿ ಕೆಳಗಿಳಿಸಿ ಕುಂಡ ಇಟ್ಟ. ಗೆಡ್ಡೆಯ ನೆತ್ತಿ ನೆನೆಯದಂತೆ ಸುತ್ತ ಒಂದೊಂದೇ ಲೋಟ ನೀರು ಬಿಟ್ಟ. ಈಗ ಚಳ್ಳಕೆರೆಯ ಈರುಳ್ಳಿ ಮಂಡಿಯಲ್ಲಿ ಚೀಲ ಹೊರುವ ಪಾಲಾಕ್ಷ, ಶಾಲೆ ಬಿಟ್ಟ ಹೊಸದರಲ್ಲಿ ಕೊಂಡ್ಲಹಳ್ಳಿಯ ಸೋದರಮಾವನ ಹೊಲದಲ್ಲಿ ಬೀಜದ ಈರುಳ್ಳಿ ಬೆಳೆದವನು. ಬೀಜಕ್ಕೆಂದು ಆರಿಸಿದ ಗೆಡ್ಡೆಗಳನ್ನು ಮಾವ ಎಲೆ ಒಣಗಿಸಿ, ನೆರಳಿನ ಅಟ್ಟದಲ್ಲಿ ತಿಂಗಳುಗಟ್ಟಲೆ ನೀರಿಲ್ಲದೆ ಇಡುತ್ತಿದ್ದ. ಆಮೇಲೆ ನೆಟ್ಟು ನೀರು ತೋರಿಸಿದರೆ ಸಾಕು, ಹೂವಿನ ದಂಟು ತಲೆ ಎತ್ತುತ್ತಿತ್ತು. "ಕುಡಿಯೋಷ್ಟು ದಿನ ಎಲೆ ಕಣ್ಲಾ, ಬಾಯಾರಿದ್ಮೇಲೆ ಹೂವು" ಎನ್ನುತ್ತಿದ್ದ ಮಾವ.

ಹತ್ತು ದಿನ ಏನೂ ಇಲ್ಲ. ಪಾಲಾಕ್ಷ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತ ಗೆಡ್ಡೆಗೇ ಬೈಯುತ್ತಿದ್ದ: "ಏಳೇ ಸೋಂಬೇರಿ, ಮಲಗಿದ್ದು ಸಾಕು." ಹನ್ನೆರಡನೇ ದಿನ ಒಂದರ ಪಕ್ಕೆಯಿಂದ ಹಸಿರು ತುದಿಯೊಂದು ಇಣುಕಿತು.

"ಎಲೇನೇ ಇರ್ಬೇಕು," ಅವ್ವ ಮುಖ ತಿರುಗಿಸಿದಳು.

"ಎಲೆ ತೆಳ್ಳಗಿರ್ತೈತೆ. ಇದು ಗಿಣಿಮೂತಿ ಹಂಗೆ ಊದ್ಕೊಂಡೈತೆ, ಮುಟ್ಟಿ ನೋಡವ್ವ."

ಪಾಪಕ್ಕ ಮುಟ್ಟಿ ನೋಡಿದಳು. ಕೈ ತೆಗೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮಾರನೆಯ ದಿನದಿಂದ ದಂಟು ಬೆಳಕಿಗೆ ವಾಲದಂತೆ ಕುಂಡ ತಿರುಗಿಸುವುದು, ಗೇಣು ಹಾಕಿ ಅಳೆಯುವುದು ಅವಳದೇ ಪಾಲಾಯಿತು. ಎರಡನೆಯ ಗೆಡ್ಡೆಯೂ ಎದ್ದಿತು. ಯುಗಾದಿಗೆ ಎರಡು ದಿನ ಇದೆಯೆನ್ನುವಾಗ ಮೊದಲ ದಂಟಿನ ತುದಿ ಬಿರಿಯಿತು. ಕಂಬಕ್ಕೆ ಕಟ್ಟಿದ ಮೈಕುಗಳ ಹಾಗೆ ನಾಲ್ಕು ದಿಕ್ಕಿಗೆ ನಾಲ್ಕು ಕೆಂಪು ಹೂವು, ಒಂದೊಂದೂ ಅಂಗೈಯಗಲ. ತಗಡಿನ ಮನೆಯ ಗೋಡೆಗೂ ಕೆಂಪು ಹತ್ತಿತು. ಓಣಿಯ ಹೆಂಗಸರೆಲ್ಲ ಸರದಿಯಲ್ಲಿ ಬಂದು ಫೋಟೊ ಹಿಡಿದರು. ಆಟೊ ನಿಲ್ಲಿಸಿ ಬಂದವನೊಬ್ಬ, ಪ್ಲಾಸ್ಟಿಕ್ಕಾ ಎಂದು ಚಿವುಟಲು ಹೋಗಿ ಪಾಪಕ್ಕನ ಕೈಲಿ ಏಟು ತಿಂದ.

ಮರುದಿನ ಮಧ್ಯಾಹ್ನ ಪಾಲಾಕ್ಷ ಮಂಡಿಯಿಂದ ಬಂದವನೇ, ಬಟ್ಟೆಯನ್ನೂ ಬದಲಿಸದೆ ಹೂವಿನ ಕುಂಡ ಎತ್ತಿಕೊಂಡ. ಮೊಗ್ಗಿನ ಕುಂಡ ಹಿಡಿದು ಪಾಪಕ್ಕ ಹಿಂದೆ ಬಂದಳು. ಯರ್ರಪ್ಪನ ಅಂಗಡಿಯಲ್ಲಿ ಲೋಟಗಳು ಬಾಯಿಯ ಹತ್ತಿರ ನಿಂತವು.

"ಲೇ ಪಾಲಾಕ್ಷ, ಸಾರಿಗೆ ಹಾಕ್ಕೊಳ್ಳಿಲ್ಲೇನೋ?" ಯರ್ರಪ್ಪ ಕೂಗಿದ. ಯಾರೂ ನಗಲಿಲ್ಲ. ಪಾಲಾಕ್ಷ ಕುಂಡವನ್ನು ಟೀಚರ ಬಾಗಿಲ ಮುಂದೆ ಇಳಿಸಿದ.

ಕಮಲಾಕ್ಷಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಂದು ಹೂವಿನ ಗಲ್ಲ ಹಿಡಿದು ಎತ್ತಿ ನೋಡಿದರು. ನಾಲ್ಕು ವರ್ಷದ ಆಸೆ. ಕಣ್ಣು ತುಂಬಿ ಬಂದದ್ದು ಬೀದಿಗೂ ಕಂಡಿತು. "ಪಾಪಕ್ಕ, ಎಲೆಅಡಿಕೆ ತಟ್ಟೆ ಅಲ್ಲೇ ಇದೆ ನೋಡು," ಎಂದರು, ತಿರುಗದೆಯೇ. ಪಾಪಕ್ಕ ಕೊತ್ತಂಬರಿ ತರಲು ಈಗಷ್ಟೇ ಹೊರಗೆ ಹೋಗಿ ಬಂದವಳ ಹಾಗೆ ಒಳಗೆ ನಡೆದಳು.

"ಪಾಲಾಕ್ಷ, ಯಾರೋ ನಿನಗೆ ಇದನ್ನ ಕಲಿಸಿದ್ದು?"

ಟೀಚರೂ ಕಾದರು, ಟೀ ಅಂಗಡಿಯೂ ಕಾಯಿತು. ಒಂದು ತಿಂಗಳಿಂದ ಮಸೆದು ಚೂಪು ಮಾಡಿಟ್ಟುಕೊಂಡಿದ್ದ ಉತ್ತರ ಪಾಲಾಕ್ಷನ ನಾಲಿಗೆಯ ತುದಿಯಲ್ಲಿತ್ತು. ಅವನು ಹೂವನ್ನೊಮ್ಮೆ ನೋಡಿ, ಕೈಯ ಮಣ್ಣು ಕೊಡವಿ, ಮಂಡಿಯ ಕಡೆ ಹೆಜ್ಜೆ ಹಾಕಿದ. ಅಂಗಿಯ ಬೆನ್ನಿಗೆ ಅಂಟಿದ್ದ ಈರುಳ್ಳಿ ಸಿಪ್ಪೆಯೊಂದು ಗಾಳಿಗೆ ಬಿಡಿಸಿಕೊಂಡು, ತೇಲಿ ಬಂದು, ಟೀಚರ ಹೊಸ್ತಿಲ ಮೇಲೆ ಕೂತಿತು.