ಅಂಗೈ ಪೆಟ್ಟು

“ಮತ್ತೆ ಒತ್ತಿದ್ರಿ ನೋಡಿ,” ಎಂದಳು ಹೆಂಡತಿ.

ಅವನು ತನ್ನ ಕೈ ನೋಡಿಕೊಂಡ. ನಿಜ, ಬಲ ಅಂಗೈ ಕಾಫಿ ಲೋಟದ ಪಕ್ಕ ಮೇಜಿನ ಮೇಲೆ ಬಿದ್ದಿತ್ತು. ಚದುರಂಗವೇ ಕಸುಬಾದವನು ಕಾಯಿ ನಡೆಸಿದ ಕೂಡಲೇ ಗಡಿಯಾರದ ಗುಂಡಿ ಒತ್ತಬೇಕು. ಒತ್ತಿದರೆ ತನ್ನ ಹೊತ್ತು ನಿಂತು ಎದುರಾಳಿಯ ಹೊತ್ತು ಓಡತೊಡಗುತ್ತದೆ; ಯಾರ ಹೊತ್ತು ಮೊದಲು ಮುಗಿಯುತ್ತದೋ ಅವರು ಸೋತಂತೆ. ಆ ಚಟ ಈಗ ಮನೆಯೊಳಕ್ಕೂ ಕಾಲಿಟ್ಟಿತ್ತು. ಒಂದು ಮಾತು, ಮೇಜಿಗೊಂದು ಪೆಟ್ಟು. ಹಾಲು ಬಂತಾ, ಪಟ್. ಕಿಟಕಿ ಹಾಕಿದ್ಯಾ, ಪಟ್. ಉತ್ತರ ಕೊಡುವಷ್ಟರಲ್ಲಿ ತನ್ನ ಆಯುಸ್ಸೇ ಕರಗುತ್ತಿದೆಯೇನೋ ಎಂದು ಅವಳಿಗೆ ಗಾಬರಿಯಾಗುತ್ತಿತ್ತು.

“ಇವತ್ತು ಸೋತರೆ ತಂಡದಿಂದ ಹೊರಗೆ. ಗೊತ್ತಲ್ಲ?” ಪಟ್.

“ಗೊತ್ತು. ಇಷ್ಟು ದಿನದಿಂದ ಅದನ್ನೇ ಉಂಡು ಅದನ್ನೇ ಹೊದ್ದು ಮಲಗ್ತಿದೀವಲ್ಲ. ರೀ, ಒಂದು ಕೇಳ್ತೀನಿ, ಬೈಬೇಡಿ. ಕಾಲೇಜು ಕ್ಯಾಂಟೀನಲ್ಲಿ ಆಡ್ತಿದ್ದಾಗ ಎದುರಿನವನು ಒಳ್ಳೇ ನಡೆ ಆಡಿದ್ರೆ ನೀವೇ ನಗ್ತಿದ್ರಿ. ನನ್ನ ಕಡೆ ತಿರುಗಿ, ನೋಡಿದ್ಯಾ ಅಂತ ಹುಬ್ಬು ಹಾರಿಸ್ತಿದ್ರಿ. ನಾನು ಬಿದ್ದಿದ್ದೇ ಆ ಹುಬ್ಬಿಗೆ. ಅದೆಲ್ಲಿ ಹೋಯ್ತು?”

“ಖುಷಿಗೆ ಆಡೋರು ಪಾರ್ಕಲ್ಲಿ ಆಡ್ತಾರೆ ಕಣೆ. ನಾನು ಕೆಲಸಕ್ಕೆ ಹೋಗ್ತಿದೀನಿ.”

ಈ ಸಲದ ಪೆಟ್ಟಿಗೆ ಲೋಟದ ಕಾಫಿ ತುಳುಕಿ ಅವನ ಅಂಗಿಯ ತೋಳಿಗೇ ಹಾರಿತು. ಅವನು ಅಂಗಿ ಬದಲಿಸಿದ, ಮಾತು ಬದಲಿಸಲಿಲ್ಲ. ದಾರಿಯುದ್ದಕ್ಕೂ ಬಸ್ಸಿನ ಸೀಟಿನ ಕಂಬಿಗೆ ಬಡಿಯುತ್ತಲೇ ಹೋದ.

ಪಂದ್ಯದ ಸಭಾಂಗಣದಲ್ಲಿ ಅವಳಿಗೆ ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತು. ಪಕ್ಕದಲ್ಲಿ ಎದುರಾಳಿಯ ತಾಯಿ. ಮಗನ ಹಿಂದೆ ಊರೂರು ಅಲೆದು ಆಟವನ್ನು ಅರ್ಧ ಕಲಿತಿದ್ದ ಹೆಂಗಸು. ಬಾಯಲ್ಲಿ ಸದಾ ಒಂದು ಪೆಪ್ಪರಮೆಂಟು. ಆಟ ಕೊನೆಯ ಘಟ್ಟಕ್ಕೆ ಬಂದಿತ್ತು. ಇಬ್ಬರ ಗಡಿಯಾರದಲ್ಲೂ ಉಳಿದಿದ್ದು ಬೆರಳೆಣಿಕೆಯ ನಿಮಿಷ. ಆಗ ಆ ತಾಯಿಯ ಮಗ, ಮೀಸೆ ಈಗಷ್ಟೇ ದಪ್ಪವಾಗುತ್ತಿದ್ದವನು, ತನ್ನ ಮಂತ್ರಿಯನ್ನೇ ಎತ್ತಿ ಶತ್ರುವಿನ ಬಾಯಿಗೆ ಇಟ್ಟು ಗುಂಡಿ ಒತ್ತಿದ. ಹಿಂದಿನ ಸಾಲಿನಲ್ಲಿ ಯಾರದೋ ಕುರ್ಚಿ ಕಿರ್ ಎಂದಿತು.

ಗಂಡ ಮಂತ್ರಿಯನ್ನು ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದ. ಕೊನೆಗೆ ಯಾರೂ ಎಣಿಸದ ಒಂದು ಕುದುರೆಯನ್ನು ಮೂಲೆಗೆ ಹಿಂದೆಗೆದು ಇಟ್ಟ. ಇಟ್ಟವನು ಎರಡೂ ಮೊಣಕೈ ಮೇಜಿಗೂರಿ, ಎರಡೂ ಅಂಗೈಯಲ್ಲಿ ಗದ್ದ ಹೊತ್ತುಕೊಂಡು ಮಣೆಯನ್ನೇ ನೋಡುತ್ತ ಕೂತುಬಿಟ್ಟ.

“ನಿಮ್ಮ ಯಜಮಾನ್ರು ಗುಂಡಿ ಒತ್ತಲಿಲ್ಲ ಕಣಮ್ಮ,” ಪಕ್ಕದವಳು ಪಿಸುಗುಟ್ಟಿದಳು.

ಅವಳೂ ನೋಡಿದ್ದಳು. ಗಡಿಯಾರದಲ್ಲಿ ಅವನ ಕಡೆಯ ಅಂಕಿಗಳೇ ಇನ್ನೂ ಇಳಿಯುತ್ತಿದ್ದವು, ಸರಿಯಾಗಿ ತಿರುಗಿಸದ ನಲ್ಲಿಯ ಹಾಗೆ.

“ನಿಮ್ಮ ಮಗ ನೋಡಿದಾನೆ,” ಎಂದಳು.

“ನೋಡದೆ ಏನು. ತಲೆ ಬಗ್ಗಿಸಿ ಮಳ್ಳನ ಹಾಗೆ ಕೂತಿದಾನೆ. ಹೇಳಲೇಬೇಕು ಅಂತ ನಿಯಮ ಇಲ್ಲ, ಹೇಳಬಾರದು ಅಂತಾನೂ ಇಲ್ಲ. ಥೇಟ್ ಅವರಪ್ಪ.” ಪೆಪ್ಪರಮೆಂಟು ಈ ಕೆನ್ನೆಯಿಂದ ಆ ಕೆನ್ನೆಗೆ ಹೋಯಿತು.

“ತೀರ್ಪುಗಾರರು ಹೇಳಬಹುದಲ್ವಾ?”

“ಅವರ ಬಾಯಿಗೂ ಬೀಗ. ನಾವು ಜೋರಾಗಿ ಕೆಮ್ಮಿದ್ರೂ ಎಬ್ಬಿಸಿ ಕಳಿಸ್ತಾರೆ.”

ನಿಮಿಷಗಳು ಮುಗಿದು ಬರೀ ಸೆಕೆಂಡುಗಳು ಉಳಿದವು. ಆಗ ಅವನು ತಲೆ ಎತ್ತಿದ. ಸದ್ಯ, ಗೊತ್ತಾಯಿತು ಎಂದುಕೊಂಡಳು. ಆದರೆ ಅವನ ಕಣ್ಣು ಗಡಿಯಾರದ ಕಡೆ ಹೋಗಲೇ ಇಲ್ಲ. ಸಾಲಿನಲ್ಲಿ ಒಬ್ಬೊಬ್ಬರನ್ನೇ ದಾಟಿಕೊಂಡು ಬಂದು ಅವಳ ಮೇಲೆ ನಿಂತಿತು. ಮುಖವೆಲ್ಲ ನಗು. ಹುಬ್ಬು ಹಾರಿತು.

ಅವಳ ಬಲ ಅಂಗೈ ತಾನಾಗಿಯೇ ಕುರ್ಚಿಯ ಕೈಯಿಂದ ಮೇಲೆದ್ದಿತ್ತು. ಒಂದೇ ಒಂದು ಪೆಟ್ಟು ಸಾಕು. ಇಡೀ ಸಭಾಂಗಣದಲ್ಲಿ ಆ ಭಾಷೆ ಬಲ್ಲವರು ಅವರಿಬ್ಬರೇ. ಅವನ ಕೈ ಗುಂಡಿಗೆ ಹಾರುತ್ತದೆ, ಹುಬ್ಬು ಕೆಳಗಿಳಿಯುತ್ತದೆ.

“ಯಾಕಮ್ಮ ನಗ್ತಿದಾರೆ? ಗೆದ್ದರಾ?”

“ಇಲ್ಲಮ್ಮ. ನಿಮ್ಮ ಮಗನ ನಡೆ ಚೆನ್ನಾಗಿತ್ತಂತೆ.”

ಎತ್ತಿದ ಕೈಯನ್ನು ತೊಡೆಯ ಕೆಳಗೆ ತೂರಿಸಿ, ಅದರ ಮೇಲೆ ಗಟ್ಟಿಯಾಗಿ ಕೂತು, ಅವಳೂ ಹುಬ್ಬು ಹಾರಿಸಿದಳು.