ಅಕ್ಕನ ಅರ್ಜಿ

"ಆರು ವರ್ಷದ ಮಕ್ಕಳಿಗೆ ಈಗಲೇ ಯಾಕ್ರೀ ಇಷ್ಟು ಗಾಬರಿ? ದೊಡ್ಡವರಾಗ್ತಾ ಆಗ್ತಾ ಓದು ತಾನಾಗೇ ಬರುತ್ತೆ" ಎಂದು ಶಾಲೆಯ ಸಭೆಗೆ ಬಂದಿದ್ದ ಶಿಕ್ಷಣ ಇಲಾಖೆಯ ಸಾಹೇಬರು ನಕ್ಕರು. ಮಕ್ಕಳ ಪುಟ್ಟ ಬೆಂಚುಗಳ ಮೇಲೆ ಮೊಣಕಾಲು ಮಡಚಿಕೊಂಡು ಕೂತಿದ್ದ ಅಪ್ಪ ಅಮ್ಮಂದಿರಲ್ಲಿ ಯಾರೂ ನಗಲಿಲ್ಲ.

ಪ್ರಶ್ನೆ ಕೇಳಿದ್ದ ಟೀಚರ್ ಇನ್ನೂ ನಿಂತೇ ಇದ್ದರು. ಒಂದನೇ ಕ್ಲಾಸಿನಲ್ಲಿ ಅಕ್ಷರ ತಲೆಗೆ ಹತ್ತದ ಮಕ್ಕಳನ್ನು ದಿನಾ ಅರ್ಧ ಗಂಟೆ ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವುದು ಅವರ ಕೆಲಸವಾಗಿತ್ತು. ಅದಕ್ಕೆ ಬರುತ್ತಿದ್ದ ಅನುದಾನವನ್ನು ಇಲಾಖೆ ಹೋದ ತಿಂಗಳು ನಿಲ್ಲಿಸಿತ್ತು. ಓದಿನ ಕೋಣೆಯಲ್ಲಿ ಈಗ ಕಾಲು ಮುರಿದ ಕುರ್ಚಿಗಳನ್ನು ಪೇರಿಸಿದ್ದರು.

"ತಾನಾಗೇ ಬರೋದಾಗಿದ್ರೆ ಇವರಿಗೂ ಬರ್ತಿತ್ತು ಸಾರ್. ಈಗ ಹಿಡಿದು ಕೂರಿಸಿದ್ರೆ ದಾರಿಗೆ ಬರ್ತಾರೆ, ಬಿಟ್ರೆ ಕೈತಪ್ಪಿ ಹೋಗ್ತಾರೆ. ಸರ್ಕಾರ ಇದಕ್ಕೆ ದುಡ್ಡು ಇಡಲೇಬೇಕು."

"ಇಟ್ಟಿದೆಯಲ್ಲಮ್ಮ! ಐದನೇ ಕ್ಲಾಸಲ್ಲಿ ಫೇಲಾದವರಿಗೆ ವಿಶೇಷ ತರಗತಿ ಇದೆ."

"ಅಂದ್ರೆ ಸಹಾಯ ಸಿಗಬೇಕಾದ್ರೆ ಮಗು ಮೊದಲು ಫೇಲಾಗಬೇಕು!" ಟೀಚರ್ ದನಿ ಏರಿಸಿದರು.

"ಸಮಾಧಾನ, ಸಮಾಧಾನ. ಒಂದೆರಡು ವರ್ಷ ಕಾದು ನೋಡೋಣ."

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ದಡಕ್ಕನೆ ಎದ್ದಳು. ಹೋಟೆಲೊಂದರ ಲಾಂಡ್ರಿಯಲ್ಲಿ ಬೆಡ್‌ಶೀಟ್ ಇಸ್ತ್ರಿ ಮಾಡುವವಳು. ಅಮ್ಮನಿಗೆ ರಜೆ ಸಿಗದ ಕಾರಣ ಒಂದನೇ ಕ್ಲಾಸಿನ ತಂಗಿಗಾಗಿ ತಾನೇ ಬಂದಿದ್ದಳು.

"ನಮ್ಮಮ್ಮಂಗೂ ಹಿಂಗೇ ಹೇಳಿದ್ರು ಸಾರ್, ಕಾದು ನೋಡಿ ಅಂತ. ನನ್ನ ವಿಷಯದಲ್ಲಿ. ಪಾಪ, ಕಾದ್ಲು. ನಾನು ಪಕ್ಕದವಳು ಓದೋದನ್ನ ಕೇಳಿ ಬಾಯಿಪಾಠ ಮಾಡ್ಕೊಂಡು ಕ್ಲಾಸು ದಾಟಿದೆ. ಏಳನೇ ಕ್ಲಾಸಲ್ಲಿ ಹೊಸ ಮೇಷ್ಟ್ರು ಯಾವುದೋ ಪುಟ ತೆಗೆದು ಓದು ಅಂದ್ರು. ಬಾಯಿ ಬಿಡೋಕಾಗಲಿಲ್ಲ. ಇಡೀ ಕ್ಲಾಸು ನಕ್ಕಿತು. ಮಾರನೇ ದಿನದಿಂದ ಸ್ಕೂಲಿಗೆ ಹೋಗಲಿಲ್ಲ. ಯಾಕೆ ಬಂದಿಲ್ಲ ಅಂತ ಯಾರೂ ಕೇಳೋಕೂ ಬರಲಿಲ್ಲ."

ಹುಡುಗಿ ಮುಂದಿನ ಬೆಂಚಿನ ಮೇಲೆ ಕೈಯೂರಿದಳು.

"ನನ್ನ ತಂಗಿಗೂ ಅದೇ ಕಷ್ಟ. ಈ ಟೀಚರ್ ಹತ್ರ ಕೂತು ಕೂತು, ಸೋಪಿನ ಕವರ್ ಮೇಲಿದ್ದ ಹೆಸರನ್ನ ಒಂದಿನ ತಾನೇ ಕೂಡಿಸಿ ಓದಿಬಿಟ್ಲು. ಆ ಕವರ್ ಹಿಡ್ಕೊಂಡು ಮನೆ ತುಂಬ ಕುಣಿದ್ಲು! ಅಷ್ಟರಲ್ಲಿ ನೀವು ಬಾಗಿಲು ಹಾಕಿಸಿದ್ರಿ. ಈಗ ಪುಸ್ತಕ ತೆಗಿ ಅಂದ್ರೆ ಹೊಟ್ಟೆನೋವು ಅಂತಾಳೆ. ಆ ಹೊಟ್ಟೆನೋವು ಎಂಥದ್ದು ಅಂತ ನಂಗೊತ್ತು. ಅವಳನ್ನೂ ಲಾಂಡ್ರಿಗೆ ಕಳಿಸಿ ಅದೇನು ಉಳಿಸ್ತೀರಿ ಸಾರ್ ನೀವು?"

ಸಾಹೇಬರ ಮುಖ ಗಂಟಿಕ್ಕಿತು. "ಹಿಂಗೆಲ್ಲ ಕೂಗಾಡಿದ್ರೆ ಕೆಲಸ ಆಗಲ್ಲಮ್ಮ. ಎಲ್ಲಕ್ಕೂ ಒಂದು ಕ್ರಮ ಅಂತ ಇದೆ. ಬರೆದು ಕೊಡು, ಮೇಲಕ್ಕೆ ಕಳಿಸ್ತೀನಿ."

ಹುಡುಗಿಯ ಮುಖಕ್ಕೆ ರಕ್ತ ನುಗ್ಗಿತು. ಬೆಂಚುಗಳ ನಡುವೆ ಹಾದು ನೇರ ಸಾಹೇಬರ ಮೇಜಿನ ಹತ್ತಿರ ಬಂದು ಕೈಚಾಚಿದಳು. "ಹಾಳೆ, ಪೆನ್ನು ಕೊಡಿ."

ಟೀಚರ್ ಓಡಿ ಬಂದರು. "ನೀನು ಹೇಳ್ತಾ ಹೋಗು ಕಣೇ, ನಾನು ಬರೀತೀನಿ."

"ಬೇಡ ಟೀಚರ್. ಸಾಹೇಬ್ರು ಹೇಳಿದ್ದು ನನಗೆ."

ಮೇಜಿನ ಮೇಲೆ ಬಗ್ಗಿ ಬರೆಯತೊಡಗಿದಳು. ಒಂದೊಂದು ಅಕ್ಷರವನ್ನೂ ಪಿಸುಗುಟ್ಟಿಕೊಂಡು, ತಪ್ಪೆನಿಸಿದರೆ ಗೀಚಿ ಹಾಕಿ, ಮತ್ತೆ ಶುರುಮಾಡಿ. ಪೆನ್ನು ಒತ್ತಿದ ಬಿರುಸಿಗೆ ಹಾಳೆ ಒಂದು ಕಡೆ ಹರಿಯಿತು. ಒಂದು ಸಾಲೂ ಮುಗಿದಿರಲಿಲ್ಲ, ಸಾಹೇಬರು "ನಿಧಾನಕ್ಕೆ ಬರೆದು ಆಫೀಸಿಗೆ ಕಳಿಸಮ್ಮ" ಎನ್ನುತ್ತ ಎದ್ದು ಬಾಗಿಲ ಕಡೆ ನಡೆದರು. ಅಲ್ಲಿ ತಾಯಂದಿರು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಯಾರೂ ದಾರಿ ಬಿಡಲಿಲ್ಲ.

"ಬರೀತಾ ಇದಾಳಲ್ಲ ಸಾರ್, ಇಸ್ಕೊಂಡೇ ಹೋಗಿ" ಎಂದಳು ಒಬ್ಬ ಅಜ್ಜಿ.

ಸಾಹೇಬರು ವಾಪಸ್ಸು ಬಂದು ಕೂತರು. ಹುಡುಗಿ ಬೆವರು ಒರೆಸಿಕೊಂಡಳು. ತಲೆಯೆತ್ತಿ, ಇಡೀ ಸಭೆಗೆ ಕೇಳುವಂತೆ ಗಟ್ಟಿಯಾಗಿ ಕೇಳಿದಳು:

"ಟೀಚರ್, ತಂಗಿ ಅಂತ ಬರೆಯೋಕೆ ಸೊನ್ನೆ ಎಲ್ಲಿ ಹಾಕಬೇಕು?"