ಬೆಳಕು ಅಳೆಯುವ ಪೈಪು

ವಿಲ್ಫ್ರೆಡ್ ಭಾವಮೈದ ತಂದುಕೊಟ್ಟ ದುಬೈ ಟಾರ್ಚನ್ನು ಬಿಳಿ ಪೈಪಿನ ಒಂದು ಬಾಯಿಗೆ ತುರುಕಿದ. ಇನ್ನೊಂದು ಬಾಯಿಗೆ ಮೊಬೈಲಿನ ತಲೆ ಮಾತ್ರ ತಾಗುವಂತೆ ಇಟ್ಟು, ಸಂದಿಗೆ ಕಪ್ಪು ಬಟ್ಟೆ ಸುತ್ತಿದ. ಬೆಳಕು ಅಳೆಯುವ ಆ್ಯಪಿನಲ್ಲಿ ನಾನೂರು ಎಂದು ಬಂತು.

"ಪೆಟ್ಟಿಗೆಯಲ್ಲಿ ಎಂತ ಬರೆದಿದ್ದಾರೆ ಡೆರಿಕ್?"

"ಸಾವಿರ ಲ್ಯೂಮೆನ್, ಭಾವ."

"ಹಾಗಾದರೆ ಪೈಪಿನಲ್ಲಿ ಎಷ್ಟು ಬಂದರೂ ಅದರ ಎರಡೂವರೆ ಪಟ್ಟು ಹಿಡಿಯಬೇಕು. ದುಬೈಯಲ್ಲಿ ಸುಳ್ಳು ಬರೆದರೆ ಅಂಗಡಿಗೆ ಬೀಗ ಬೀಳುತ್ತದೆ. ಇನ್ನು ನಮ್ಮ ಎಲ್ಲ ಅಳತೆಗೂ ಇದೇ ಟಾರ್ಚು."

ಬಸ್ಸಿನಲ್ಲಿ ಟಿಕೆಟ್ ಚೆಕಿಂಗ್ ಮಾಡಿ ನಿವೃತ್ತನಾದ ವಿಲ್ಫ್ರೆಡ್ ನಿದ್ದೆಯಲ್ಲಿದ್ದವರನ್ನೂ ಎಬ್ಬಿಸಿ ಟಿಕೆಟ್ ಕೇಳಿದವನು. ಈಗ ಅವನ ಸಂಶಯದ ಕಣ್ಣು ಕಟಪಾಡಿಯ ಯೋಗೀಶನ ಎಲೆಕ್ಟ್ರಿಕ್ ಅಂಗಡಿಯ ಮೇಲೆ. ಅಲ್ಲಿಂದ ತಂದ ತಲೆಗೆ ಕಟ್ಟುವ ಟಾರ್ಚಿನ ಬೆಳಕಿನಲ್ಲಿ ಹೆಂಡತಿ ಸಿಸಿಲಿಯಾ ಬೆಳಗಾಗುವ ಮೊದಲೇ ಮಲ್ಲಿಗೆ ಕೊಯ್ಯುತ್ತಾಳೆ. ಆ ದಿನ ಸಂಜೆ ಅರಳುವ ಮೊಗ್ಗನ್ನು ಮಾತ್ರ ಕೊಯ್ದು, ಎಳೆಯದನ್ನು ಗಿಡದಲ್ಲೇ ಬಿಡಬೇಕು. ಟಾರ್ಚ್ ಬಂದ ಮೇಲೆ ಎಳೆಯದೂ ಬುಟ್ಟಿಗೆ ಬೀಳುತ್ತಿತ್ತು. ಶಂಕರಪುರದಲ್ಲಿ ಹೂವು ಕೊಳ್ಳುವ ಕಟ್ಟೆಯವರು ಅವಳು ಕಟ್ಟಿದ ಮಲ್ಲಿಗೆಯ ಚೆಂಡುಗಳನ್ನು ಎರಡು ಸಲ ವಾಪಸು ಕೊಟ್ಟಿದ್ದರು. ಹಿಂದೆಂದೂ ಹಾಗೆ ಆದದ್ದಿಲ್ಲ.

"ಟಾರ್ಚಿಗೆ ಬೆಳಕೇ ಇಲ್ಲ, ಮತ್ತೆ ನಾನೆಂತ ಮಾಡುವುದು?" ಎಂದು ಅವಳು ಹೇಳಿದ್ದರಿಂದಲೇ ಈ ಪೈಪು ಹುಟ್ಟಿದ್ದು.

ವಿಲ್ಫ್ರೆಡ್ ಅವಳ ಟಾರ್ಚನ್ನು ಪೈಪಿಗೆ ಹಿಡಿದ. ಇನ್ನೂರು. ಎರಡೂವರೆ ಪಟ್ಟು ಮಾಡಿದರೆ ಐನೂರು. ಪೆಟ್ಟಿಗೆಯಲ್ಲಿ ಬರೆದದ್ದೂ ಐನೂರು. ಅವನ ಮುಖ ಸ್ವಲ್ಪ ಬಾಡಿತು.

"ಯೋಗೀಶ್ ಸಾಚಾ ಮನುಷ್ಯ ಮಾರಾಯ. ನಾನೇ ಸುಮ್ಮನೆ ಸಂಶಯಪಟ್ಟೆ." ಆಮೇಲೆ ಹೆಂಡತಿಯ ಕಡೆ ತಿರುಗಿದ. "ಹಾಗಾದರೆ ತೊಂದರೆ ಇರುವುದು ಕಣ್ಣಿನಲ್ಲಿ."

"ಸೂಜಿಗೆ ನೂಲು ನಾನೇ ಪೋಣಿಸುತ್ತೇನಲ್ಲ, ಅದು ಯಾರ ಕಣ್ಣಿನಲ್ಲಿ?"

"ಲೆಕ್ಕದ ಮುಂದೆ ಜಗಳ ಮಾಡಬೇಡ ಸಿಸಿಲಿ. ಸೋಮವಾರದಿಂದ ಹೂ ಕೊಯ್ಯಲು ಪಕ್ಕದ ಮನೆಯ ರೀನಾಳಿಗೆ ಹೇಳುತ್ತೇನೆ. ನೀನು ಕುಳಿತು ಕಟ್ಟಿದರೆ ಸಾಕು."

ಸಿಸಿಲಿಯಾ ಮಲ್ಲಿಗೆ ಗಿಡಗಳ ಕಡೆ ತಿರುಗಿದಳು. ಆ ಗಿಡಗಳು ಮದುವೆಯಾಗಿ ಬಂದ ವರ್ಷ ಅವಳೇ ತವರಿನಿಂದ ತಂದು ನೆಟ್ಟವು. ಅಲ್ಲಿಯವರೆಗೆ ಆ ಮೊಗ್ಗುಗಳಿಗೆ ಬೇರೆಯವರ ಕೈ ತಾಗಿದ್ದಿಲ್ಲ.

ಅವಳ ತಮ್ಮ ಡೆರಿಕ್ ಚಹಾದ ಲೋಟದೊಳಗೆ ನೋಡುತ್ತಾ ಕುಳಿತಿದ್ದ. ದುಬೈಯಿಂದ ರಜೆಯಲ್ಲಿ ಹೊರಡುವಾಗ ಎಲ್ಲರಿಗೂ ಏನಾದರೊಂದು ಕೊಂಡವನು ಭಾವನನ್ನು ಮರೆತಿದ್ದ. ವಿಮಾನ ನಿಲ್ದಾಣದಿಂದ ಬರುವಾಗ ಅದು ನೆನಪಾಗಿ, ಕಟಪಾಡಿಯಲ್ಲಿ ಕಾರು ನಿಲ್ಲಿಸಿ, ಯೋಗೀಶನ ಅಂಗಡಿಯಿಂದಲೇ ಆ 'ದುಬೈ' ಟಾರ್ಚ್ ಕೊಂಡಿದ್ದ. ಬೆಲೆಯ ಚೀಟಿಯನ್ನು ದಾರಿಯುದ್ದಕ್ಕೂ ಉಗುರಿನಿಂದ ಕೆರೆದು ತೆಗೆದಿದ್ದ. ಯೋಗೀಶ್ ಪಾಪ, ಒಳ್ಳೆಯ ಮನಸ್ಸಿನಿಂದ ಹೇಳಿಯೇ ಕೊಟ್ಟಿದ್ದ: "ಪೆಟ್ಟಿಗೆಯ ಮೇಲಿನ ನಂಬರನ್ನು ಅರ್ಧ ಮಾಡಿ ಓದಿ ಸರ್. ನನ್ನಲ್ಲಿರುವುದೆಲ್ಲ ಒಂದೇ ಕಂಪೆನಿಯದ್ದು, ಎಲ್ಲದರಲ್ಲೂ ಹಾಗೆಯೇ."

"ಭಾವ, ಬೇರೆ ಯಾವುದಾದರೂ ಟಾರ್ಚ್ ಇಟ್ಟು ಒಮ್ಮೆ ನೋಡಬಹುದಲ್ವಾ?" ಎಂದ ಡೆರಿಕ್, ಸಣ್ಣ ದನಿಯಲ್ಲಿ.

"ಇದಕ್ಕಿಂತ ಒಳ್ಳೆಯದು ಎಲ್ಲಿ ಉಂಟು? ಕಾಪು ಪೇಟೆಯಲ್ಲಿಯಾ?"

ಡೆರಿಕ್ ಉಳಿದ ಚಹಾ ಕುಡಿದು ಮುಗಿಸಿದ.

ಶನಿವಾರ ಮೂವರೂ ಉಡುಪಿಗೆ ಹೋದರು. ಕಣ್ಣಿನ ಡಾಕ್ಟರು ಎರಡು ಮೆಷಿನಿನಲ್ಲಿ ನೋಡಿ, ಗೋಡೆಯ ಅಕ್ಷರ ಓದಿಸಿ, "ಈ ವಯಸ್ಸಿನಲ್ಲಿ ಇಷ್ಟು ಒಳ್ಳೆಯ ಕಣ್ಣು ಅಪರೂಪ ಅಮ್ಮ" ಎಂದರು. ಹಿಂದೆ ಬಂದು ಅಂಗಳದಲ್ಲಿ ಕಾರಿನಿಂದ ಇಳಿದ ಮೇಲೆ ವಿಲ್ಫ್ರೆಡ್ ನಿಟ್ಟುಸಿರು ಬಿಟ್ಟ.

"ಆ ಡಾಕ್ಟರು ತಮ್ಮ ಮೆಷಿನನ್ನು ಯಾವುದಕ್ಕೆ ಹೋಲಿಸಿ ಸರಿ ಮಾಡಿಕೊಂಡಿದ್ದಾರೋ ಯಾರಿಗೆ ಗೊತ್ತು. ಎಲ್ಲರೂ ನಮ್ಮ ಹಾಗೆ ನೋಡಿ ಮಾಡುವುದಿಲ್ಲ. ಮಣಿಪಾಲದಲ್ಲಿ ಇನ್ನೊಮ್ಮೆ ತೋರಿಸುವ."

"ನಾನು ಎಲ್ಲಿಗೂ ಬರುವುದಿಲ್ಲ," ಎಂದಳು ಸಿಸಿಲಿಯಾ. "ರೀನಾಳೂ ಬರುವುದು ಬೇಡ."

ವಿಲ್ಫ್ರೆಡ್ ಗೊಣಗುತ್ತಾ ಒಳಗೆ ಹೋದ. ಪೈಪನ್ನು ಇನ್ನೊಮ್ಮೆ ಪರೀಕ್ಷಿಸಬೇಕಿತ್ತು. ಡೆರಿಕ್ ಕಾರಿನ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತಾ ನಿಂತಿದ್ದ. ಸಿಸಿಲಿಯಾ ಸೆರಗು ಸರಿಮಾಡಿಕೊಂಡು ಅವನ ಹತ್ತಿರ ಬಂದಳು.

"ನಾಳೆ ಬೆಳಿಗ್ಗೆ ಬೇಗ ಏಳು. ನಿನ್ನ ಮೊಬೈಲಿನ ಲೈಟ್ ಹಿಡಿದುಕೊಂಡು ನನ್ನ ಜೊತೆ ಹೂವಿಗೆ ಬಾ," ಎಂದಳು. "ಮುಂದಿನ ಸಲ ಟಾರ್ಚ್ ತರುವುದಾದರೆ ದುಬೈಯಿಂದಲೇ ತಾ ಡೆರಿಕ್. ನೀನು ಕೆರೆದು ಬಿಟ್ಟ ಚೀಟಿಯ ಚೂರಿನಲ್ಲಿ ಯೋಗೀಶನ ಅಂಗಡಿಯ ಹೆಸರು ನನಗೆ ಕಾಣುತ್ತದೆ."